ಹತ್ತಕ್ಕೆ ಎರಡು

ಗಂಗಾಧರಸ್ವಾಮಿಯವರು ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ಅದರಲ್ಲಿ ಬಹುಪಾಲು ಕಳೆದದ್ದು ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ. ಕೊನೆಯ ಏಳು ವರ್ಷ ಸ್ವಂತ ಊರಾದ ನಂಜನಗೂಡಿನಲ್ಲಿ. ಪ್ರತಿ ಬೇಸಿಗೆ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗುತ್ತಿದ್ದರು. ಅಲ್ಲಿ ಪ್ರತಿಯೊಬ್ಬ ಮೇಷ್ಟ್ರಿಗೂ ಒಂದು ‘ಕೀ ಉತ್ತರ’ದ ಹಾಳೆ ಕೊಡುತ್ತಾರೆ. ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ಮಕ್ಕಳು ಬರೆದದ್ದು ಆ ಹಾಳೆಗೆ ಹೊಂದಿದರೆ ಅಂಕ, ಇಲ್ಲವಾದರೆ ಸೊನ್ನೆ. ಹೊಸ ಮೇಷ್ಟ್ರು ಯಾರಾದರೂ, “ಸಾರ್, ಈ ಮಗು ಏನೋ ಬೇರೆ ಬರೆದಿದೆ, ಆದರೆ ಚೆನ್ನಾಗಿದೆ” ಎಂದರೆ ಇವರು ತಲೆಯೆತ್ತದೆ, “ಕೀನಲ್ಲಿ ಇದೆಯೇನಯ್ಯ? ಇಲ್ಲ ತಾನೆ? ಮುಂದಿನದು ತಗೋ” ಎನ್ನುತ್ತಿದ್ದರು. ಕಲ್ಲು ಮನಸ್ಸಿನವರೇನಲ್ಲ. ಹತ್ತು ಜನ ಬಲ್ಲವರು ಕೂತು ಒಪ್ಪಿದ್ದೇ ನ್ಯಾಯ ಎಂದು ನಂಬಿದ್ದರು, ಅಷ್ಟೆ.

ಅವರಿಗೆ ಒಬ್ಬಳೇ ಮಗಳು, ಬಿಂದುಶ್ರೀ. ಒಂಬತ್ತನೆಯ ವಯಸ್ಸಿನಲ್ಲಿ ಕೀಲುನೋವಿನ ಜ್ವರ ಬಂದು, ಕೀಲು ಬಿಟ್ಟು ಹೃದಯ ಹಿಡಿಯಿತು. ಕವಾಟ ಕೆಟ್ಟಿತು. ಪಿ.ಯು.ಸಿ.ವರೆಗೆ ಹೇಗೋ ಆಟೋದಲ್ಲಿ ಹೋಗಿ ಬಂದಳು. ಆಮೇಲೆ ಹಾಸಿಗೆಯಿಂದ ಬೀದಿಬಾಗಿಲಿಗೆ ಬಂದರೂ ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಕೂತ ಹುಡುಗಿಗೆ ಬೇಸರ ಕಳೆಯಲಿ ಎಂದು ಮೇಷ್ಟ್ರು ಒಂದು ಕಂಪ್ಯೂಟರ್ ತಂದುಕೊಟ್ಟರು. ಅದನ್ನು ಜೋಡಿಸಿಕೊಟ್ಟವನು ರಾಜೇಂದ್ರ, ನರಸೀಪುರದಲ್ಲಿ ಅವರ ಶಿಷ್ಯನಾಗಿದ್ದವನು. ಈಗ ಅಲ್ಲಿನ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಎರಡು ತಿಂಗಳಿಗೊಮ್ಮೆ ಬಂದು ಯಂತ್ರದ ಧೂಳು ಹೊಡೆದು, ಬಿಂದುವಿಗೆ ಹೊಸ ಆಟಗಳ ಸಿ.ಡಿ.ಗಳನ್ನೂ, ಮುಂಬಯಿಯಿಂದ ಬರುತ್ತಿದ್ದ ವೀಡಿಯೋ ಗೇಮುಗಳ ಇಂಗ್ಲಿಷ್ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ಕೊಟ್ಟು, ಮೇಷ್ಟ್ರ ಹೆಂಡತಿ ಮಂಗಳಮ್ಮನವರು ಇಟ್ಟ ಉಪ್ಪಿಟ್ಟು ತಿಂದು ಹೋಗುತ್ತಿದ್ದ.

ಬಿಂದು ಎಲ್ಲ ಆಟವನ್ನೂ ಆಡಿದಳು. ಗುಂಡು ಹಾರಿಸುವುದು, ಕಾರು ಓಡಿಸುವುದು, ರಾಜ್ಯ ಕಟ್ಟುವುದು. ಎರಡು ದಿನ ಆಡಿ ಬಿಡುತ್ತಿದ್ದಳು. ಒಂದನ್ನು ಮಾತ್ರ ಬಿಡಲಿಲ್ಲ. ಅದರಲ್ಲಿ ಒಬ್ಬ ಅಂಚೆಯವನು. ಸುತ್ತ ಸಮುದ್ರ, ನಡುವೆ ಒಂದು ದ್ವೀಪ, ಯಾವಾಗಲೂ ಮಂಜು. ಅವನು ಚೀಲ ಹೊತ್ತು ಮನೆಯಿಂದ ಮನೆಗೆ ಹೋಗಿ ಕಾಗದ ಕೊಡಬೇಕು. ಬಾಗಿಲು ತೆರೆಯುತ್ತದೆ, ಒಂದು ಕೈ ಕಾಗದ ತೆಗೆದುಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ. ಶತ್ರುವಿಲ್ಲ, ಅಂಕವಿಲ್ಲ, ಗೆಲ್ಲುವುದೂ ಇಲ್ಲ. ಒಂದು ಮನೆಯ ಬಾಗಿಲಂತೂ ತೆರೆಯುವುದೇ ಇಲ್ಲ. ಮಾಡಿದವರು ಅರ್ಧಕ್ಕೇ ಕೈಬಿಟ್ಟಿದ್ದಾರೆ.

೨೦೦೪ರ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಅವಳು ಆ ಪತ್ರಿಕೆಯನ್ನು ತಂದೆಯ ಮುಂದೆ ಹಿಡಿದಳು.

“ನೋಡಿ ಅಪ್ಪಾಜಿ, ನನ್ನ ಆಟಕ್ಕೆ ಏನು ಕೊಟ್ಟವ್ರೆ ಅಂತ.”

ಮೇಷ್ಟ್ರು ಕನ್ನಡಕ ಏರಿಸಿದರು. ಹತ್ತಕ್ಕೆ ಎರಡು. ಕೆಳಗೆ, ಬೇರೆ ದೇಶದ ಆರು ಪತ್ರಿಕೆಗಳು ಕೊಟ್ಟ ಅಂಕಗಳ ಪಟ್ಟಿಯೂ ಇತ್ತು. ಎಲ್ಲವೂ ಒಂದು, ಎರಡು, ಹೆಚ್ಚೆಂದರೆ ಮೂರು.

“ಹತ್ತಕ್ಕೆ ಎರಡು ಅಂದ್ರೆ ನೂರಕ್ಕೆ ಇಪ್ಪತ್ತು. ಪಾಸಾಗೋಕೆ ಮೂವತ್ತೈದು ಬೇಕು. ನಿನ್ನ ಆಟ ಫೇಲು ಕಣಮ್ಮ.”

“ಗ್ರೇಸ್ ಮಾರ್ಕ್ಸ್ ಕೊಡಿ ಮೇಷ್ಟ್ರೇ, ಬಡವರ ಮನೆ ಆಟ.”

“ಹದಿನೈದು ಗ್ರೇಸು ಯಾರೂ ಕೊಡೋದಿಲ್ಲ. ಒಬ್ಬರಲ್ಲ, ಏಳು ಪತ್ರಿಕೆಯವರು ನೋಡಿ ಹಾಕಿರೋ ಅಂಕ. ಅಷ್ಟೂ ಜನ ಕುರುಡರಾ?”

“ಅವ್ರು ಕುರುಡರು ಅಂತ ನಾನೆಲ್ಲಿ ಅಂದೆ? ನಂಗೆ ಇಷ್ಟ ಅಂದೆ. ಅವ್ರಿಗೆ ಒಂದು ಕಾಗದ ಬರೀತೀನಿ. ತಪ್ಪಿದ್ರೆ ತಿದ್ದಿ ಕೊಡಿ.”

ಮಾರನೆಯ ದಿನ ತಂದೆ ಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಗೆ ಇಡುತ್ತಿದ್ದಾಗ ಒಂದು ಹಾಳೆ ತಂದು ಪಕ್ಕದಲ್ಲಿಟ್ಟಳು. ಇಂಗ್ಲಿಷಿನಲ್ಲಿ ಮೂರೇ ಸಾಲು. ನೀವು ಕೊಟ್ಟ ಎರಡು ಅಂಕವನ್ನು ನಾನು ಒಪ್ಪುವುದಿಲ್ಲ. ನನಗೆ ಈ ಆಟ ಇಷ್ಟ. ಇಷ್ಟೊಂದು ಇಷ್ಟವಾದದ್ದು ನನಗೆ ಬೇರೆ ಯಾವುದೂ ಇಲ್ಲ. ಅಲ್ಲಿಗೆ ನಿಂತಿತ್ತು, ಮುಕ್ಕಾಲು ಹಾಳೆ ಖಾಲಿ.

ಮೇಷ್ಟ್ರ ಕೈಗೆ ಕೆಂಪು ಪೆನ್ನು ತಾನಾಗಿಯೇ ಬಂತು. ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಉದ್ದಕ್ಕೆ ಹೊಡೆದು, ಅಂಚಿನಲ್ಲಿ ‘ಕಾರಣ ಕೊಡು’ ಎಂದು ಬರೆದು, ಕೆಳಗೆ ಗೆರೆ ಎಳೆದರು.

“ಇಷ್ಟ ಅನ್ನೋದು ಉತ್ತರವಲ್ಲಮ್ಮ. ಹುಣಸೆಹಣ್ಣೂ ಇಷ್ಟ ಅಂತೀಯ. ಕಾರಣ ಇದ್ರೆ ಬರಿ, ಇಲ್ದಿದ್ರೆ ದೊಡ್ಡವರು ಹೇಳಿದ್ದು ಒಪ್ಕೋ.”

ಬಿಂದು ಹಾಳೆಯನ್ನು ತೆಗೆದುಕೊಂಡಳು. “ಕಾರಣ ಇದೆ ಅಪ್ಪಾಜಿ. ಹೇಳಿದ್ರೆ ನೀವು ಅದಕ್ಕೂ ಅಂಕ ಹಾಕ್ತೀರ, ಅಷ್ಟೆ” ಎಂದು ನಕ್ಕು, ಹಾಳೆಯನ್ನು ನಾಲ್ಕಾಗಿ ಮಡಿಸಿಕೊಂಡು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮೇಷ್ಟ್ರಿಗೂ ನಗು ಬಂತು. ಮಗಳು ಮಾತಿನಲ್ಲಿ ಜಾಣೆ ಎಂದು ಹೆಂಡತಿಗೆ ಹೇಳಿಕೊಂಡು ಹಿಗ್ಗಿದರು. ಆ ಕಾಗದದ ವಿಷಯ ಮತ್ತೆ ಇಬ್ಬರೂ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಎಂಟನೆಯ ದಿನ ಬಿಂದುಶ್ರೀ ಲಿಂಗೈಕ್ಯಳಾದಳು. ಇಪ್ಪತ್ತಮೂರು ವರ್ಷ. ತಾಯಿ ಬೆನ್ನು ನೀವುತ್ತಿದ್ದ ಹಾಗೆಯೇ ತಲೆ ಪಕ್ಕಕ್ಕೆ ವಾಲಿತು.

ಹನ್ನೊಂದನೆಯ ದಿನ ಶಿವಗಣಾರಾಧನೆ. ಜಂಗಮರ ಪಾದೋದಕ ಆಯಿತು, ಪಂಕ್ತಿ ಎದ್ದಿತು. ಹೆಂಗಸರು ನಡುಮನೆಯಲ್ಲಿ ಕೂತು ಹೋದವಳ ಗುಣ ನೆನೆಯುತ್ತಿದ್ದರು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಕಂಪ್ಯೂಟರ್ ನೋಡಿ ಪಕ್ಕದ ಮನೆಯ ಚನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ನೋಡಿದ್ದೆ ಕನವ್ವ, ಒಂದು ಬೊಂಬೇನ ನಡೆಸ್ತಾ ಕೂತಿರೋದು ಮಗ. ತನ್ಗೆ ನಡ್ಯಕ್ಕಾಗಲ್ವಲ್ಲ, ಅದನ್ನಾದ್ರೂ ನಡೆಸುವ ಅಂತ. ಅಯ್ಯೋ ಶಿವನೇ!”

ಎಲ್ಲರೂ ಅಳತೊಡಗಿದರು. ಮಂಗಳಮ್ಮ ಎದೆ ಬಡಿದುಕೊಂಡರು. ಬಂದವರು ಹೋದವರೆಲ್ಲ ಅದೇ ಮಾತನ್ನು ಹೇಳಿದರು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಎದೆಯಲ್ಲಿ ಏನೋ ಸರಿಯಾಗಿ ಹೋಗಿ ಕೂತ ಹಾಗಾಯಿತು. ಇದೇ ಕಾರಣ. ತಂದೆಯಾದ ತನಗೆ ಇಷ್ಟು ಹೊಳೆಯಲಿಲ್ಲವಲ್ಲ. ಪಾಪ, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆಯಾಗಿರಬೇಕು.

ಹಾಸಿಗೆ ಬಿಚ್ಚಿ ಒಗೆಯಲು ಹಾಕುವಾಗ ದಿಂಬಿನ ಗವಸಿನೊಳಗಿಂದ ಆ ಹಾಳೆ ಬಿತ್ತು. ಕೆಂಪು ಗೆರೆಗಳು ಬರೆದ ದಿನದಷ್ಟೇ ಕೆಂಪಗಿದ್ದವು. ಮೇಷ್ಟ್ರು ಅದನ್ನು ಹಿಡಿದುಕೊಂಡು ನೆಲದ ಮೇಲೆಯೇ ಕೂತರು.

ಅದಾದ ಮೇಲೆ ಅವರಿಗೆ ಗುಡಿಗೆ ಹೋಗುವುದೂ ಕಷ್ಟವಾಯಿತು. ನಲವತ್ತು ವರ್ಷದಿಂದ ಸೋಮವಾರ ತಪ್ಪಿಸದೆ ಕಪಿಲೆಯಲ್ಲಿ ಮಿಂದು ನಂಜುಂಡೇಶ್ವರನ ಮುಂದೆ ನಿಂತವರಿಗೆ ಈಗ ನಿಂತರೆ ಕಣ್ಣಿಗೆ ಕಾಣುತ್ತಿದ್ದುದು ಆ ಮೂರು ಸಾಲು. ವಿಷ ಕುಡಿದು ಲೋಕ ಉಳಿಸಿದವನೇ, ನನ್ನ ಮಗಳ ಒಂದು ಮಾತನ್ನು ನಾನು ಹೊಡೆದುಹಾಕಿದೆ, ಅದನ್ನು ಹೇಗೆ ಉಳಿಸಲಿ ಎಂದು ಕೇಳಿದರು. ಉತ್ತರವನ್ನೂ ತಾವೇ ಕಂಡುಕೊಂಡರು. ಕಾಗದವನ್ನು ಪೂರ್ತಿ ಮಾಡಿ ಕಳಿಸುವುದು. ಅವಳು ಬರೆಯದೆ ಬಿಟ್ಟ ಮುಕ್ಕಾಲು ಹಾಳೆಯನ್ನು ತಾವು ತುಂಬುವುದು.

ಬರೆಯುವ ಮೊದಲು ಒಂದು ಸಲ ಆಟ ನೋಡೋಣ ಎಂದು ಕಂಪ್ಯೂಟರ್ ಹಚ್ಚಿದರು. ಅಂಚೆಯವನು ಮಂಜಿನಲ್ಲಿ ನಿಂತಿದ್ದ. ಬಾಣದ ಗುಂಡಿ ಒತ್ತಿದೊಡನೆ ಹೆಜ್ಜೆ ಹಾಕಿದ. ಹತ್ತು ನಿಮಿಷದಲ್ಲಿ ಒಂದು ಕಲ್ಲುಗೋಡೆಗೆ ಮುಖ ಕೊಟ್ಟುಕೊಂಡು ಅಲ್ಲೇ ಕಾಲು ಆಡಿಸತೊಡಗಿದ. ಮೇಷ್ಟ್ರಿಗೆ ಕತ್ತು ನೋವು ಬಂತು. ಆರಿಸಿದರು. ಕಾರಣ ಹೇಗೂ ಗೊತ್ತಿತ್ತಲ್ಲ.

ಇಂಗ್ಲಿಷಿನಲ್ಲಿ ಎರಡು ಪುಟ ಬರೆದರು. ಮಗಳ ಮೂರು ಸಾಲನ್ನು ಮೊದಲಿಗೆ ಹಾಗೆಯೇ ಇಟ್ಟು, ಮುಂದೆ ಅವಳ ಬಾಯಿಂದಲೇ ಹೇಳಿಸಿದರು. ಒಂಬತ್ತು ವರ್ಷದವಳಾಗಿದ್ದಾಗಿನಿಂದ ನನ್ನ ಹೃದಯ ಸರಿಯಿಲ್ಲ. ನಮ್ಮ ಬೀದಿಯ ಕೊನೆಯನ್ನು ನಾನು ನೋಡಿ ಐದು ವರ್ಷವಾಯಿತು. ಈ ಆಟದಲ್ಲಿ ನಾನು ನಡೆಯುತ್ತೇನೆ. ನಿಮಗೆ ನಡಿಗೆ ಬೇಸರ. ನನಗೆ ಅದೇ ಸ್ವರ್ಗ. ಬರೆಯುತ್ತ ಬರೆಯುತ್ತ ಅತ್ತರು. ಚೆನ್ನಾಗಿ ಬಂದಿದೆ ಎಂದೂ ಅನ್ನಿಸಿತು. ಕೊನೆಯಲ್ಲಿ ಮಗಳ ಹೆಸರು, ನಂಜನಗೂಡು ಎಂದು ಹಾಕಿದರು. ಸತ್ತವಳು ಎಂದು ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ. ಶಿವರಾತ್ರಿಯ ಮಾರನೆಯ ದಿನ ಅಂಚೆಗೆ ಹಾಕಿಬಂದರು.

ಜೂನ್ ತಿಂಗಳಲ್ಲಿ ರಾಜೇಂದ್ರ ಫೋನು ಮಾಡಿದ.

“ಸಾ, ಬಿಂದು ಹೆಸ್ರಲ್ಲಿ ಒಂದ್ ಕಾಗ್ದ ಅಚ್ಚಾಗದೆ. ಇಡೀ ಒಂದ್ ಪುಟ ಹಾಕವ್ರೆ. ನೀವೊಂದ್ಸಲ ಅಂಗ್ಡಿ ತಾವ್ಕೆ ಬಂದೋದ್ರೆ...”

ಮೇಷ್ಟ್ರು ಆ ಹೊತ್ತೇ ಬಸ್ಸು ಹತ್ತಿದರು. ಎಷ್ಟೋ ತಿಂಗಳ ಮೇಲೆ ಹೊಲ ಗದ್ದೆ ಕಣ್ಣಿಗೆ ಬಿದ್ದವು. ಭತ್ತದ ಸಸಿಯ ಒಟ್ಲು ಹಸಿರಾಗಿತ್ತು. ಮಗಳು ಗೆದ್ದಳು ಎಂದು ಮನಸ್ಸು ಹೇಳುತ್ತಿತ್ತು.

ರಾಜೇಂದ್ರ ಸ್ಟೂಲು ಒರೆಸಿ ಕೂರಿಸಿದ. ಪತ್ರಿಕೆ ಕೊಟ್ಟ. ತಿಂಗಳ ಉತ್ತಮ ಪತ್ರ ಎಂದು ದಪ್ಪಕ್ಷರ. ಕೆಳಗೆ ಸಂಪಾದಕರ ಮಾತು: ನಮ್ಮ ವಿಮರ್ಶಕರು ಈ ಪತ್ರ ಓದಿ ತಲೆತಗ್ಗಿಸಿದ್ದಾರೆ, ಬಿಂದುಶ್ರೀಗಾಗಿ ನಮ್ಮ ಎರಡನ್ನು ಏಳು ಮಾಡಿದ್ದೇವೆ. ಮೇಷ್ಟ್ರು ಎರಡು ಸಲ ಓದಿದರು. ರಾಜೇಂದ್ರ ಚಹ ತರಿಸಿದ, ತಾನು ಕುಡಿಯಲಿಲ್ಲ. ಒಂದು ತಿರುಪುಳಿಯನ್ನು ಕೈಯಲ್ಲಿ ಹೊರಳಿಸುತ್ತಾ ನಿಂತಿದ್ದ.

“ಏನೋ ಅದು, ಮುಖ ಹಾಗೆ ಮಾಡ್ಕೊಂಡು ನಿಂತಿದ್ದೀಯ? ನಿನಗೆ ಸಂತೋಷ ಆಗಲಿಲ್ವ?”

“ಸಾ, ತಪ್ಪು ತಿಳ್ಕಬ್ಯಾಡಿ. ಇದ ಬಿಂದುನೇ ಬರ್ದಿದ್ದಾ?”

“ಮತ್ತೆ?”

“ಅಲ್ಲ ಸಾ... ಇದೇ ಮಾತ ಓದ್ವರ್ಸ ನಾನು ಅವಳ್ಗಂದೆ. ತಮಾಸೆಗಲ್ಲ, ಪ್ರೀತಿಗೇ ಅಂದೆ. ‘ನಿಂಗೆ ನಡ್ಯಕ್ಕಾಗಲ್ವಲ್ಲ ತಂಗಿ, ಅದ್ಕೇ ಈ ಆಟ ಇಷ್ಟ ಅಲ್ವಾ’ ಅಂತ. ಎಂಥಾ ಕ್ವಾಪ ಬಂತು ಅಂತೀರಿ! ‘ರಾಜೇಂದ್ರಣ್ಣ, ನನ್ನತ್ರ ಇರೋದು ಕಾಯಿಲೆ ಒಂದೇನಾ? ರುಚಿ ಇಲ್ವಾ ನಂಗೆ? ಎಲ್ರೂ ಅದನ್ನೇ ಅಂತಾರೆ, ನೀವೂ ಅನ್ಬೇಡಿ. ಅದಲ್ಲ’ ಅಂದ್ಲು. ಎರಡ್ ತಿಂಗ್ಳು ನನ್ ಸಂಗ್ಡ ಸರಿಯಾಗ್ ಮಾತಾಡ್ನಿಲ್ಲ ಸಾ.”

ಮೇಷ್ಟ್ರು ಚಹದ ಲೋಟ ಕೆಳಗಿಟ್ಟರು.

“ಅದಲ್ಲ ಅಂದ್ರೆ ಮತ್ತೆ ಏನಂತೆ?”

“ನಾನೂ ಕೇಳ್ದೆ. ‘ಕಾಗ್ದದಲ್ಲಿ ಬರೀತೀನಿ, ಮೊದ್ಲು ಅಪ್ಪಾಜಿಗೆ ತೋರ್ಸಿ ಆಮೇಲೆ ನಿಮ್ಗೆ’ ಅಂದ್ಲು. ದೀಪಾವಳಿ ಆದ್ಮೇಲೆ ಬಂದಾಗ, ಎಲ್ಲವ್ವ ಕಾಗ್ದ ಅಂದೆ. ‘ಬಿಡಿ ಅಣ್ಣ, ಬರೆಯೋದು ಬೇಡ’ ಅಂದ್ಬುಟ್ಲು. ನಾನೂ ಸುಮ್ಗಾದೆ. ನಿಮ್ಗೆ ಯೋಳಿರ್ತಾಳೆ ಅಂತಿದ್ದೆ ಸಾ.”

ಅಂಗಡಿಯ ಮುಂದೆ ಸೋಸಲೆಯ ಬಸ್ಸಿಗೆ ಕಂಡಕ್ಟರ್ ಕೂಗುತ್ತಿದ್ದ. ಮೇಷ್ಟ್ರಿಗೆ ಆ ಬೆಳಿಗ್ಗೆ ನೆನಪಾಯಿತು. ಮೂರು ಸಾಲು ಬರೆದು ಅವಳು ಅವರ ಹತ್ತಿರ ಬಂದದ್ದು ತಿದ್ದಿಸಿಕೊಳ್ಳುವುದಕ್ಕಲ್ಲ. ನಾಲ್ಕನೆಯ ಸಾಲನ್ನು ಬಾಯಿಂದ ಹೇಳುವುದಕ್ಕೆ ಬಂದಿದ್ದಳು. ಅಪ್ಪಾಜಿ ‘ಅದ್ಯಾಕಮ್ಮ’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರು ಪೆನ್ನು ತೆಗೆದಿದ್ದರು.

“ನಾನು ಬರೆದದ್ದು ಕಣಪ್ಪ,” ಎಂದರು ಮೇಷ್ಟ್ರು. “ಅವಳು ಹೋದಮೇಲೆ. ಈಗಲೇ ಅವರಿಗೆ ಹೇಳಿಬಿಡು. ಇದು ಅವಳ ಮಾತಲ್ಲ, ಅವಳ ಕಾರಣ ಇದಲ್ಲ, ಏನೂಂತ ಯಾರಿಗೂ ಗೊತ್ತಿಲ್ಲ ಅಂತ. ಆ ಏಳನ್ನೂ ಹೊಡೆದುಹಾಕಲಿ.”

“ಬ್ಯಾಡಿ ಸಾ. ಓದ್ದೋರೆಲ್ಲ ಅತ್ತವ್ರೆ. ಒಳ್ಳೇದೇ ಆಗದೆ, ಇರ್ಲಿ ಬುಡಿ.”

“ಅತ್ತರೆ ಅದು ನಿಜವಾಯ್ತೇನೋ? ಟೈಪ್ ಮಾಡು.”

ರಾಜೇಂದ್ರ ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಇ-ಮೇಲಿನಲ್ಲಿ ಕಳಿಸಿದ. ಹದಿನೈದು ದಿನದ ಮೇಲೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ನಿಮ್ಮ ಮಗಳ ಸಾವಿನ ಸುದ್ದಿ ತಿಳಿದು ನಮಗೆಲ್ಲ ದುಃಖವಾಗಿದೆ. ದುಃಖದಲ್ಲಿ ಇಂಥ ಸಂಶಯಗಳು ಬರುತ್ತವೆ. ಪತ್ರ ಯಾರ ಕೈಯದಾದರೂ ಭಾವ ಅವರದೇ ಎಂದು ಓದಿದವರಿಗೆಲ್ಲ ಅನ್ನಿಸಿದೆ. ಅವರ ನೆನಪಿಗೆ ಮುಂದಿನ ಸಂಚಿಕೆಯಲ್ಲಿ ಎರಡು ಮಾತು ಹಾಕುತ್ತೇವೆ. ತಿದ್ದುಪಡಿಯ ವಿಷಯ ಇರಲಿಲ್ಲ. ಮುಂದಿನ ಸಂಚಿಕೆಯಲ್ಲಿ ಹೊರಗಿನ ಊರುಗಳಿಂದ ಹನ್ನೆರಡು ಜನ ಬರೆದಿದ್ದರು. ಬಿಂದುಶ್ರೀಯ ಕಣ್ಣಿನಿಂದ ಆಡಿದೆವು, ಈಗ ಆಟ ಅರ್ಥವಾಯಿತು ಎಂದು ಎಲ್ಲರೂ.

ಆಷಾಢ, ಶ್ರಾವಣ ಎರಡು ತಿಂಗಳು ಮೇಷ್ಟ್ರು ದಿನಾ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತರು. ಆಟವನ್ನು ನಿಲ್ಲಿಸುವಾಗ ಇದ್ದ ಜಾಗವನ್ನು ಅದು ಹೆಸರು ಹಾಕಿ ಉಳಿಸಿಕೊಳ್ಳುತ್ತದೆ. ಬಿಂದು ಹಾಗೆ ಉಳಿಸಿದ ಜಾಗಗಳು ನಲವತ್ತೊಂದು ಇದ್ದವು. ಒಂದೊಂದನ್ನೂ ತೆರೆದು ನೋಡಿದರು. ಅವಳು ಎಲ್ಲೆಲ್ಲೋ ನಿಂತಿದ್ದಳು. ದೋಣಿಕಟ್ಟೆಯ ಮೂಲೆ. ಮುರಿದ ಬೇಲಿಯ ಹಿಂದೆ. ಹನ್ನೊಂದು ಸಲ ಒಂದೇ ಜಾಗ: ಗಾಳಿಗಿರಣಿಯ ಬೆನ್ನಿಗೆ, ಗೋಡೆಯ ಕಡೆ ಮುಖ ಮಾಡಿ. ಅಲ್ಲಿ ಮನೆಯಿಲ್ಲ, ಸಮುದ್ರವೂ ಕಾಣುವುದಿಲ್ಲ. ನಡೆಯುವ ಆಸೆಯಿದ್ದವಳು ಹನ್ನೊಂದು ದಿನ ಬಂದು ಬರಿ ಗೋಡೆಯ ಮುಂದೆ ನಿಲ್ಲುವುದೇಕೆ? ಅವಳು ಅಲ್ಲಿ ಏನು ನೋಡಿದಳು? ಏನಾದರೂ ಕೇಳಿದಳೇ?

ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡಿ ಅಭ್ಯಾಸವಿದ್ದ ಕಣ್ಣು ಅವರದು. ಅಲ್ಲಿ ಏನೂ ಕಾಣದಿದ್ದರೂ ಕಾಣದಿರುವುದೇ ಒಂದು ಸಮಾಧಾನವಾಗಿರುತ್ತಿತ್ತು. ಈ ಗೋಡೆಯನ್ನು ಅದಕ್ಕಿಂತ ಹೆಚ್ಚು ನೋಡಿದರು. ಬೂದು ಕಲ್ಲು, ಮೇಲೆ ಮಂಜು. ಇಷ್ಟಪಡಬೇಕೆಂದು ಪ್ರಯತ್ನಪಟ್ಟರು. ಶಿವನಾಣೆಗೂ ಪ್ರಯತ್ನಪಟ್ಟರು. ಆಗಲಿಲ್ಲ. ಅವರ ಸ್ವಂತ ಮನಸ್ಸಿಗೆ ಅದು ಕೆಟ್ಟ ಆಟವೇ. ಏಳು ಪತ್ರಿಕೆಯವರು ಹೇಳಿದ್ದು ಅವರ ಮಟ್ಟಿಗೆ ಸರಿಯಾಗಿತ್ತು. ಇನ್ನೊಬ್ಬರ ನಾಲಗೆಯನ್ನು ತನ್ನ ಬಾಯಲ್ಲಿಟ್ಟುಕೊಂಡು ರುಚಿ ನೋಡುವುದಾಗದು ಎಂದು ಆ ಗೋಡೆಯ ಮುಂದೆ ಅವರಿಗೆ ತಿಳಿಯಿತು. ಆ ರುಚಿ ತಿಳಿದವಳೊಬ್ಬಳು ಪಕ್ಕದ ಕೋಣೆಯಲ್ಲಿ ಐದು ವರ್ಷ ಇದ್ದಳು.

ಮಂಗಳಮ್ಮ ಈ ಯಾವುದನ್ನೂ ಅರಿಯರು. ಅವರಿಗೆ ಇಂಗ್ಲಿಷ್ ಬಾರದು. ಅಚ್ಚಾದ ಪುಟವನ್ನು ಕಟ್ಟು ಹಾಕಿಸಿ ಮಗಳ ಫೋಟೋದ ಪಕ್ಕ ನೇತುಹಾಕಿದ್ದರು. ಮೊದಲ ಸಲ ಗಂಡ ಅದನ್ನು ಕನ್ನಡದಲ್ಲಿ ಓದಿ ಹೇಳಿದ ದಿನ, ಐದು ತಿಂಗಳಲ್ಲಿ ಮೊದಲನೆಯ ಬಾರಿಗೆ ಹೊಟ್ಟೆ ತುಂಬ ಉಂಡಿದ್ದರು. ಅಂದಿನಿಂದ ಮನೆಗೆ ಯಾರು ಬಂದರೂ, “ರೀ, ಬಿಂದು ಬರ್ದಿದ್ದು ಓದಿ ಹೇಳ್ರೀ” ಎನ್ನುವುದು ರೂಢಿಯಾಯಿತು. ಮೇಷ್ಟ್ರು ಓದುತ್ತಿದ್ದರು. ಓದಿದಷ್ಟೂ ಮಗಳ ನಿಜವಾದ ದನಿ ಕಿವಿಯಿಂದ ಹಿಂದೆ ಹಿಂದೆ ಸರಿಯಿತು. ಈಗೀಗ ಅವಳನ್ನು ನೆನೆದರೆ ತಾವು ಬರೆದ ವಾಕ್ಯಗಳನ್ನೇ ಅವಳು ಹೇಳಿದಂತೆ ಕೇಳುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಚನ್ನಾಜಮ್ಮ ತವರಿನ ಕಡೆಯವರನ್ನು ಕರೆತಂದರು. ಚಿಕ್ಕಯ್ಯನಛತ್ರದ ನಾಲ್ಕೈದು ಹೆಂಗಸರು. ದೇವರ ದರ್ಶನ ಮುಗಿಸಿ ಬಂದಿದ್ದರು, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಮಂಗಳಮ್ಮ ಚಾಪೆ ಹಾಸಿದರು. ಗಂಡನ ಕಡೆ ನೋಡಿದರು.

ಮೇಷ್ಟ್ರು ಎದ್ದು ಕಟ್ಟು ಇಳಿಸಿಕೊಂಡರು. ಇವತ್ತು ಹೇಳಿಬಿಡಬೇಕು ಎಂದು ಗುಡಿಯಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದರು. ಮಗಳ ಮೂರು ಸಾಲು ಓದಿದರು. ಅಲ್ಲಿಗೆ ನಿಲ್ಲಿಸಿದರು.

“ಇಷ್ಟೇ” ಎಂದರು.

“ಅಯ್ಯೋ, ಮುಂದೆ ಓದಿ ಸಾಮಿ,” ಎಂದರು ಚನ್ನಾಜಮ್ಮ. “ಅವಳ್ಗೆ ಆ ಆಟ ಯಾಕಿಷ್ಟ ಅಂತ ಬರ್ದವ್ಳಲ್ಲ, ಅದ ಯೋಳಿ. ಇವ್ರೆಲ್ಲ ಅದನ್ನೇ ಕೇಳ್ಬೇಕು ಅಂತ ಬಂದವ್ರೆ.”

“ಯಾಕೆ ಇಷ್ಟ ಅಂತ ನನಗೆ ಗೊತ್ತಿಲ್ಲಮ್ಮ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳಮ್ಮ ಗಂಡನ ಕೈಯಿಂದ ಕಟ್ಟನ್ನು ಮೆಲ್ಲಗೆ ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿದರು.

“ಮಗಳು ಹೋದಾಗ್ನಿಂದ ಒಂದೊಂದ್ಸಲ ಹಿಂಗೇ, ತಪ್ಪು ತಿಳ್ಕೋಬೇಡಿ,” ಎಂದರು ಬಂದವರಿಗೆ. ಆಮೇಲೆ ಗಂಡನಿಗೆ, ಮಗುವಿಗೆ ಹೇಳುವಂತೆ, “ಗೊತ್ತಿಲ್ದೆ ಏನ್ರೀ? ಅವಳೇ ಬರ್ದಿಟ್ಟು ಹೋಗವ್ಳಲ್ಲ” ಎಂದರು. ಗಾಜಿನ ಮೇಲೆ ಬೆರಳಿಟ್ಟು, ಓದಲು ಬಾರದ ಸಾಲುಗಳ ಮೇಲೆ ಅದನ್ನು ಎಡದಿಂದ ಬಲಕ್ಕೆ ಎಳೆಯುತ್ತಾ, ಒಂದು ಮಾತೂ ತಪ್ಪದೆ ಬಾಯಿಪಾಠ ಹೇಳತೊಡಗಿದರು. ಒಂಬತ್ತು ವರ್ಷದವಳಾಗಿದ್ದಾಗಿನಿಂದ ನನ್ನ ಹೃದಯ ಸರಿಯಿಲ್ಲ. ನಮ್ಮ ಬೀದಿಯ ಕೊನೆಯನ್ನು ನಾನು ನೋಡಿ ಐದು ವರ್ಷವಾಯಿತು.

ಹೆಂಗಸರು ಅಳತೊಡಗಿದರು. ಮೇಷ್ಟ್ರು ಗೋಡೆಗೆ ಒರಗಿ ನಿಂತು ಕೊನೆಯವರೆಗೂ ಕೇಳಿಸಿಕೊಂಡರು.